ರಿಪೋರ್ಟ್ ನಾರ್ಮಲ್

ಧಾರವಾಡ ಎಂದರೆ ನಾಡಿನ ಜನಕ್ಕೆ ಪೇಢೆ, ಜಿಟಿಜಿಟಿ ಮಳೆ, ಕವಿಗಳು, ಹಿಂದೂಸ್ತಾನಿ ಸಂಗೀತ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಊರಿನ ಹೆಸರಿಗೆ ಇನ್ನೊಂದು ಅರ್ಥವೂ ಇದೆ. ಯಾರಾದರೂ ಎರಡು ಮಾತು ಅಡ್ಡಾದಿಡ್ಡಿ ಆಡಿದರೆ ಸಾಕು, “ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ” ಎಂದು ನಗುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಈ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಾಗ, ಬ್ರಿಟಿಷರು ಇಲ್ಲಿ ತೆರೆದ ಹುಚ್ಚಾಸ್ಪತ್ರೆ ಆ ಮಾತಿನ ಮೂಲ. ಇಂದು ಅದು ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಅಲ್ಲಿ ವೈದ್ಯರು ತಯಾರಾಗುತ್ತಾರೆ, ಹೊರರೋಗಿಗಳು ಬೆಳಿಗ್ಗೆ ಬಂದು ಮಾತ್ರೆ ಬರೆಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳುತ್ತಾರೆ. ಹೆಸರು ಬದಲಾಯಿತು, ಕೆಲಸ ಬದಲಾಯಿತು, ಮಾತು ಮಾತ್ರ ಬದಲಾಗಲಿಲ್ಲ. ಒಂದು ಕಾಯಿಲೆಯನ್ನು ನಾವು ಯಾವ ಶಬ್ದದಿಂದ ಕರೆಯುತ್ತೇವೆ ಎಂಬುದು ಆ ಕಾಯಿಲೆಯಾದವನ ಹಣೆಬರಹವನ್ನು ಅರ್ಧ ಬರೆದುಬಿಡುತ್ತದೆ.

ನಾನು ಕಲಿತದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಹೀಗಾಗಿ ದುಃಖಕ್ಕೆ ನನ್ನ ಹತ್ತಿರ ಎರಡು ಪೆಟ್ಟಿಗೆ ತುಂಬ ಶಬ್ದಗಳಿವೆ. ಗಮ್, ಉದಾಸಿ, ಮಾಯೂಸಿ, ಅಫ್ಸುರ್ದಗಿ ಒಂದು ಕಡೆ. ಬೇಸರ, ಕೊರಗು, ವ್ಯಥೆ, ವಿಷಾದ ಇನ್ನೊಂದು ಕಡೆ. ಉರ್ದು ಗಜಲುಗಳಲ್ಲಂತೂ ಗಮ್ ಎನ್ನುವುದು ಒಡವೆ ಇದ್ದ ಹಾಗೆ, ಅದಿಲ್ಲದ ಕವಿಯನ್ನು ಯಾರೂ ಕವಿ ಎನ್ನುವುದಿಲ್ಲ. ಆದರೆ ಇಷ್ಟು ಶಬ್ದಗಳಲ್ಲಿ ಒಂದೂ ಕಾಯಿಲೆಯ ಹೆಸರಲ್ಲ. ‘ಖಿನ್ನತೆ’ ನಮಗೆ ಪತ್ರಿಕೆಯಿಂದ ಬಂದ ಶಬ್ದ. ಮನೆಯಲ್ಲಿ ಯಾರೂ “ನನಗೆ ಖಿನ್ನತೆಯಾಗಿದೆ” ಎನ್ನುವುದಿಲ್ಲ. “ಜೀವಕ್ಕ ಬ್ಯಾಸರ ಆಗೇತಿ” ಎನ್ನುತ್ತಾರೆ. ನಮ್ಮ ದಖ್ಖನಿ ಮಾತಿನಲ್ಲಿ “ದಿಲ್ ನೈ ಲಗ್ತಾ, ಜೀ ಘಬ್ರಾತಾ” ಎನ್ನುತ್ತಾರೆ. ಅದನ್ನೂ ಹೇಳಲಾಗದವರು ತಲೆ ಭಾರ, ಎದೆ ಉರಿ, ಕೈಕಾಲು ಸೆಳೆತ ಎಂದು ಹೇಳುತ್ತ ಒಬ್ಬ ಡಾಕ್ಟರರಿಂದ ಇನ್ನೊಬ್ಬರಲ್ಲಿಗೆ ಅಲೆಯುತ್ತಾರೆ.

ನಮ್ಮ ಚಾಚಾ ಅಲೆದದ್ದೂ ಹಾಗೆಯೇ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ದುಡಿದು ನಿವೃತ್ತರಾದವರು. ಸೈರನ್ನಿಗೆ ಮೊದಲೇ ಗೇಟಿನಲ್ಲಿ ನಿಲ್ಲುವ ಮನುಷ್ಯ. 2021ರ ಮಳೆಗಾಲದಲ್ಲಿ ಅವರು ನಿಧಾನವಾಗಿ ನಿಂತುಹೋದರು. ಬೇರೆ ಶಬ್ದ ನನಗೆ ಸಿಗುವುದಿಲ್ಲ. ಮನೆಯಲ್ಲಿ ಸಾವಿಲ್ಲ, ಸಾಲವಿಲ್ಲ, ಜಗಳವಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಚಹಾ ಅರ್ಧ ಕುಡಿದು ಕಪ್ಪು ಹಿಡಿದುಕೊಂಡೇ ಕೂಡುವರು. ದಾಡಿ ತಿದ್ದಿಸಿಕೊಳ್ಳಲು ಹೋಗುವುದನ್ನು ಬಿಟ್ಟರು. ಎಂದೋ ಸಹೋದ್ಯೋಗಿಯೊಬ್ಬನಿಗೆ ಹಿಂದಿರುಗಿಸಲು ಮರೆತ ಇಪ್ಪತ್ತು ರೂಪಾಯಿಯನ್ನು ನೆನೆಸಿಕೊಂಡು, ತಾನು ಇಡೀ ಜನ್ಮ ಮೋಸಗಾರನಾಗಿ ಬಾಳಿದೆ ಎಂದು ಅಳುವರು.

ಮನೆಯಲ್ಲಿ ತಲೆಗೊಂದು ಮಾತು. ಒಬ್ಬರು ನಜರ್ ಆಗಿದೆ ಎಂದರು. ಒಬ್ಬರು ನಿವೃತ್ತಿಯಾದ ಮೇಲೆ ಕೆಲಸವಿಲ್ಲದೆ ಹೀಗೆ ಎಂದರು. ದೂರದ ಸಂಬಂಧಿಯೊಬ್ಬರು ಮಾತ್ರ ಮುಖಕ್ಕೇ ಹೇಳಿದರು: “ಈಮಾನ್ ಗಟ್ಟಿ ಇದ್ದಾವಂಗ ಮಾಯೂಸಿ ಬರೂದಿಲ್ಲ.” ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯನಿಗೆ ಈ ಮಾತು ಎಲ್ಲಿ ತಾಗಿತೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ತಲೆ ಭಾರ ಎಂದದ್ದಕ್ಕೆ, ವಯಸ್ಸೂ ಆಗಿತ್ತೆಂದು, ವೈದ್ಯರೊಬ್ಬರು ಎಂಆರ್‌ಐ ಮಾಡಿಸಿ ಎಂದರು. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು ಏನಾದರೂ ಇದೆಯೇ ನೋಡಬೇಕಲ್ಲ, ಅದು ಸರಿಯಾದ ಸಲಹೆಯೇ. ವರದಿ ಬಂತು, ಎಲ್ಲ ನಾರ್ಮಲ್. ಮೊದಲ ದಿನ ಮನೆಯವರೆಲ್ಲ ಶುಕ್ರ್ ಹೇಳಿದರು. ಒಂದು ವಾರದಲ್ಲಿ ಆ ಸಮಾಧಾನವೇ ಸಿಟ್ಟಾಯಿತು. “ಮಶೀನು ಏನೂ ಇಲ್ಲ ಅಂತೈತಿ, ಮತ್ಯಾಕ ಹಿಂಗ ಮಾಡ್ತಾರ?” ಎಂದು ಮಗ. ‘ಮಾಡ್ತಾರ’ ಎಂಬ ಆ ಒಂದು ಕ್ರಿಯಾಪದ ನೋಡಿ. ಕಾಯಿಲೆ ಆಗುವುದು, ನಾಟಕ ಮಾಡುವುದು. ವರದಿಯ ಹಾಳೆ ಚಾಚಾರನ್ನು ಆಗುವವರ ಪಟ್ಟಿಯಿಂದ ತೆಗೆದು ಮಾಡುವವರ ಪಟ್ಟಿಗೆ ಸೇರಿಸಿತು. ಒಂದು ಸಂಜೆ ಅವರು ನನಗೆ ಹೇಳಿದರು: “ಮಶೀನಿಗೂ ನನ್ನ ಮ್ಯಾಲೆ ನಂಬಿಕಿ ಇಲ್ಲ ಬೇಟಾ.”

ಆ ಮಾತು ನನ್ನನ್ನು ಪುಸ್ತಕಗಳ ಕಡೆ ಅಟ್ಟಿತು. ನಾನು ಕಥೆ ಬರೆಯುವವನು, ವಿಜ್ಞಾನ ನನ್ನ ದಾರಿಯಲ್ಲ. ಆದರೆ ಮಶೀನು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂದು ತಿಳಿಯದೆ ಅದರ ಸಾಕ್ಷಿಯನ್ನು ಒಪ್ಪುವುದಾದರೂ ಹೇಗೆ?

ಸಾಮಾನ್ಯ ಎಂಆರ್‌ಐ ತೋರಿಸುವುದು ಮಿದುಳಿನ ಕಟ್ಟಡವನ್ನು. ಗೋಡೆ ಬಿರುಕು ಬಿಟ್ಟಿದೆಯೇ, ಎಲ್ಲಾದರೂ ನೀರು ನಿಂತಿದೆಯೇ, ಬೇಡದ ಗಂಟು ಬೆಳೆದಿದೆಯೇ ಎಂಬುದನ್ನು. ಮಿದುಳು ಕೆಲಸ ಮಾಡುವುದನ್ನು ನೋಡುವ ಉಪಾಯ ಬಂದದ್ದು ಆಮೇಲೆ. 1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನಿನ ವಿಜ್ಞಾನಿ ಸೈಜಿ ಒಗಾವಾ ಒಂದು ಸಂಗತಿಯನ್ನು ತೋರಿಸಿದರು. ಆಮ್ಲಜನಕ ತುಂಬಿದ ರಕ್ತ ಮತ್ತು ಆಮ್ಲಜನಕ ಕೊಟ್ಟು ಬರಿದಾದ ರಕ್ತ, ಇವೆರಡೂ ಅಯಸ್ಕಾಂತದ ಎದುರು ಬೇರೆ ಬೇರೆ ರೀತಿ ವರ್ತಿಸುತ್ತವೆ. ಮಿದುಳಿನ ಯಾವ ಭಾಗ ಕೆಲಸಕ್ಕೆ ತೊಡಗುತ್ತದೋ ಅಲ್ಲಿಗೆ ತಾಜಾ ರಕ್ತ ಹೆಚ್ಚು ನುಗ್ಗುತ್ತದೆ. ಆ ಸಣ್ಣ ವ್ಯತ್ಯಾಸವನ್ನು ಯಂತ್ರ ಹಿಡಿಯಬಲ್ಲುದು. ಇದೇ ಎಫ್‌ಎಂಆರ್‌ಐಗೆ ಬುನಾದಿಯಾಯಿತು. ನೆನಪಿಡಬೇಕಾದದ್ದು, ಅದು ವಿಚಾರವನ್ನಾಗಲಿ ದುಃಖವನ್ನಾಗಲಿ ನೋಡುವುದಿಲ್ಲ. ರಕ್ತದ ಓಡಾಟ ನೋಡಿ ಕೆಲಸವನ್ನು ಊಹಿಸುತ್ತದೆ, ಹೊಗೆ ನೋಡಿ ಒಲೆ ಉರಿಯುತ್ತಿದೆ ಎಂದ ಹಾಗೆ.

ಮುಂದಿನ ಹೆಜ್ಜೆ ಇಟ್ಟವರಲ್ಲಿ ಭಾರತ ಮೂಲದ ಭರತ್ ಬಿಸ್ವಾಲ್ ಮುಖ್ಯರು. ಅವರು ಮತ್ತು ಅವರ ಸಂಗಡಿಗರು 1995ರಲ್ಲಿ ಪ್ರಕಟಿಸಿದ ಸಂಗತಿ ವಿಚಿತ್ರವಾಗಿತ್ತು. ಯಂತ್ರದೊಳಗೆ ಮಲಗಿದ ಮನುಷ್ಯ ಏನೂ ಮಾಡದೆ ಸುಮ್ಮನಿದ್ದಾಗಲೂ, ಎಡಗೈ ಆಡಿಸುವ ಮಿದುಳಿನ ಭಾಗ ಮತ್ತು ಬಲಗೈ ಆಡಿಸುವ ಭಾಗ ಒಟ್ಟೊಟ್ಟಿಗೆ, ನಿಧಾನವಾಗಿ ಏರುತ್ತ ಇಳಿಯುತ್ತ ಇದ್ದವು. ಹೀಗೆ ಎರಡು ಭಾಗಗಳು ಒಂದೇ ತಾಳಕ್ಕೆ ಏರಿಳಿಯುವುದನ್ನೇ ವಿಜ್ಞಾನಿಗಳು ಅವುಗಳ ನಡುವಿನ ‘ಸಂಪರ್ಕ’ ಎಂದು ಕರೆಯುತ್ತಾರೆ. ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಭಾಗ. ಅದು ತಿನ್ನುವುದು ಮಾತ್ರ ದೇಹದ ಶಕ್ತಿಯ 20 ಭಾಗ. ಸುಮ್ಮನೆ ಕೂತಾಗಲೂ ಆ ಖರ್ಚು ಹೆಚ್ಚು ಇಳಿಯುವುದಿಲ್ಲ. ಸುಮ್ಮನೆ ಕೂತವನ ಮಿದುಳು ಸುಮ್ಮನಿರುವುದಿಲ್ಲ. 2001ರಲ್ಲಿ ಮಾರ್ಕಸ್ ರೈಕಲ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ತಂಡ, ನಾವು ಹೊರಗಿನ ಕೆಲಸ ಬಿಟ್ಟೊಡನೆ ಚುರುಕಾಗುವ ಕೆಲವು ಭಾಗಗಳ ಬಗ್ಗೆ ಬರೆದರು. ಹಳೆಯದನ್ನು ನೆನೆಯುವುದು, ನಾಳೆಯದನ್ನು ಎಣಿಸುವುದು, ನಾನು ಎಂಥವನು ಎಂದು ತನ್ನನ್ನೇ ತೂಗಿ ನೋಡುವುದು, ಇದೆಲ್ಲ ನಡೆಯುವಾಗ ಆ ಜಾಲ ಎಚ್ಚರವಾಗಿರುತ್ತದೆ.

ಇದನ್ನು ಚಾಚಾರಿಗೆ ಹೇಗೆ ಹೇಳುವುದು? ರೈಲಿನ ಭಾಷೆಯಲ್ಲೇ ಹೇಳಿದೆ. “ಚಾಚಾ, ನಿಮಗೆ ತೆಗೆದ ಚಿತ್ರ ಹುಬ್ಬಳ್ಳಿ ಜಂಕ್ಷನ್ನಿನ ನಕ್ಷೆ ಇದ್ದಂಗ. ಗದಗಿನ ಹಳಿ ಐತಿ, ಬೆಂಗಳೂರಿನ ಹಳಿ ಐತಿ, ಧಾರವಾಡ ದಾಟಿ ಲೋಂಡಾಕ್ಕ ಹೋಗೂ ಹಳಿ ಐತಿ. ಪ್ಲಾಟ್‌ಫಾರಂ ಗಟ್ಟಿ ಐತಿ. ಅದಕ್ಕ ನಾರ್ಮಲ್ ಅಂತ ಬರದಾರ.” ಅವರು ಬಹಳ ದಿನದ ಮೇಲೆ ತಲೆ ಎತ್ತಿ ನೋಡಿದರು. “ನಕ್ಷೆ ನೋಡಿದ್ರ ಗಾಡಿ ಲೇಟ್ ಐತಿ ಅಂತ ಹ್ಯಾಂಗ ಗೊತ್ತಾಗತೈತಿ? ಅದಕ್ಕ ಕಂಟ್ರೋಲ್ ಆಫೀಸಿನ ಚಾರ್ಟ್ ಬೇಕಲ್ಲ” ಎಂದರು. ಅಷ್ಟೇ ಅಲ್ಲ, ನನಗೆ ಹೊಳೆಯದ ಇನ್ನೊಂದು ಮಾತನ್ನೂ ಸೇರಿಸಿದರು: “ಎರಡು ಗಾಡಿ ದಿನಾ ಒಂದೇ ಹೊತ್ತಿಗೆ ಲೇಟಾದ್ರ, ಒಂದನ್ನೊಂದು ಕಾಯ್ತಿರಬೇಕು. ಇಲ್ಲಾಂದ್ರ ಇಬ್ಬರ ಮುಂದೂ ಒಂದೇ ಸಿಗ್ನಲ್ ಕೆಟ್ಟಿರಬೇಕು.” ಈ ಸಂಶೋಧನೆಯ ದೊಡ್ಡ ತೊಡಕನ್ನು ಅವರು ಎರಡು ವಾಕ್ಯದಲ್ಲಿ ಹೇಳಿದ್ದರು. ಒಟ್ಟಿಗೆ ಏರಿಳಿಯುವ ಎರಡು ಭಾಗಗಳ ನಡುವೆ ನೇರ ಹಳಿ ಇರಲೇಬೇಕೆಂದಿಲ್ಲ. ಯಾವುದು ಯಾವುದಕ್ಕೆ ಕಾರಣ ಎಂದು ಆ ಚಾರ್ಟ್ ತಾನಾಗಿ ಹೇಳುವುದಿಲ್ಲ.

ಈಗ ಖಿನ್ನತೆಯ ವಿಷಯ. 2007ರಲ್ಲಿ ಮೈಕೆಲ್ ಗ್ರೈಸಿಯಸ್ ಮತ್ತು ಸಂಗಡಿಗರು 28 ಖಿನ್ನತೆಯ ರೋಗಿಗಳನ್ನು 20 ಆರೋಗ್ಯವಂತರ ಜೊತೆ ಹೋಲಿಸಿದರು. ಹಣೆಯ ಹಿಂದೆ ಆಳದಲ್ಲಿ, ದುಃಖದ ಜೊತೆ ನಂಟಿರುವ ಒಂದು ಪುಟ್ಟ ಭಾಗವಿದೆ. ರೋಗಿಗಳಲ್ಲಿ ಆ ಭಾಗ, ತನ್ನನ್ನು ತಾನೇ ತೂಗಿ ನೋಡುವ ಆ ಜಾಲಕ್ಕೆ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿತ್ತು. ಕಾಯಿಲೆ ಎಷ್ಟು ದೀರ್ಘವಾಗಿತ್ತೋ ಆ ಹೆಣಿಗೆಯೂ ಅಷ್ಟು ಬಿಗಿ. ಇದನ್ನು ಓದಿದಾಗ ನನಗೆ ಇಪ್ಪತ್ತು ರೂಪಾಯಿ ನೆನಪಾಯಿತು. ಒಂದೇ ತಪ್ಪನ್ನು ಹಗಲೂ ರಾತ್ರಿ ಜಗಿಯುವ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಯಾವುದಿದೆ?

ಕಥೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಮುಗಿಯಲಿಲ್ಲ. 2019ರಲ್ಲಿ ಚೀನಾದ 25 ಸಂಶೋಧನಾ ತಂಡಗಳು ತಮ್ಮ ದತ್ತಾಂಶವನ್ನೆಲ್ಲ ಒಂದೆಡೆ ಕೂಡಿಸಿದವು. 1,300 ರೋಗಿಗಳು, 1,128 ಆರೋಗ್ಯವಂತರು. ಅಲ್ಲಿ ಕಂಡದ್ದು ಬೇರೆ. ಮತ್ತೆ ಮತ್ತೆ ಖಿನ್ನತೆಗೆ ಬಿದ್ದವರಲ್ಲಿ ಅದೇ ಜಾಲದೊಳಗಿನ ಸಂಪರ್ಕ ಹೆಚ್ಚಾಗಿರಲಿಲ್ಲ, ಕಡಿಮೆಯಾಗಿತ್ತು. ಮೊದಲ ಬಾರಿ ಕಾಯಿಲೆಯಾಗಿ ಇನ್ನೂ ಔಷಧಿ ಮುಟ್ಟದವರಲ್ಲಿ ಆ ಇಳಿಕೆ ಕಾಣಲಿಲ್ಲ. ಆ ಇಳಿಕೆಯ ನಂಟು ಕಾಯಿಲೆಯ ಅವಧಿಗಿಂತ ಔಷಧಿ ಸೇವನೆಯ ಜೊತೆ ಇತ್ತು. ಹಾಗಾದರೆ ಯಂತ್ರ ನೋಡಿದ್ದು ರೋಗವನ್ನೋ, ಮದ್ದನ್ನೋ? 2022ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ, ಮಿದುಳಿನ ಚಿತ್ರವನ್ನೂ ಮನುಷ್ಯನ ಸ್ವಭಾವ ವರ್ತನೆಗಳನ್ನೂ ಜೋಡಿಸುವ ಇಂಥ ಸಂಶೋಧನೆಗಳಿಗೆ ಸಾವಿರಾರು ಜನ ಬೇಕು, ಇಪ್ಪತ್ತು ಮೂವತ್ತು ಜನರ ಮೇಲೆ ಕಂಡದ್ದು ಇನ್ನೊಂದು ಊರಿನಲ್ಲಿ ಕಾಣದೇ ಹೋಗಬಹುದು ಎಂದು ಎಚ್ಚರಿಸಿತು. ತಲೆ ಒಂದಿಷ್ಟು ಅಲುಗಿದರೂ, ಉಸಿರು ಹೆಚ್ಚು ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಖಿನ್ನತೆ ಎಂಬ ಹೆಸರೇ ಒಂದು ಗೋಣಿಚೀಲ. ಒಬ್ಬರಿಗೆ ನಿದ್ದೆಯೇ ಇಲ್ಲ, ಇನ್ನೊಬ್ಬರಿಗೆ ಎದ್ದೇಳಲಾಗದಷ್ಟು ನಿದ್ದೆ. ಇಬ್ಬರ ಚೀಟಿಯ ಮೇಲೂ ಅದೇ ಹೆಸರು.

2024ರಲ್ಲಿ ಹೊಸ ದಾರಿಯೊಂದು ಕಂಡಿತು. ಚಾರ್ಲ್ಸ್ ಲಿಂಚ್, ಕಾನರ್ ಲಿಸ್ಟನ್ ಮತ್ತು ಸಂಗಡಿಗರು ನೂರು ಜನರನ್ನು ಒಮ್ಮೆ ನೋಡುವ ಬದಲು ಕೆಲವರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ನೋಡಿ, ಒಬ್ಬೊಬ್ಬರ ಮಿದುಳಿನ ನಕ್ಷೆಯನ್ನೇ ಬೇರೆಯಾಗಿ ಬರೆದರು. ಯಾವುದು ಗಮನಕ್ಕೆ ಯೋಗ್ಯ, ಯಾವುದಕ್ಕಾಗಿ ಎದ್ದು ನಡೆಯಬೇಕು ಎಂದು ಆರಿಸುವ ಒಂದು ಜಾಲ ಮಿದುಳಿನ ಮೇಲ್ಮೈಯಲ್ಲಿ ಹಿಡಿದಿರುವ ಜಾಗ, ಖಿನ್ನತೆಯ ಬಹುತೇಕ ರೋಗಿಗಳಲ್ಲಿ ಸುಮಾರು ಎರಡು ಪಟ್ಟು ಇತ್ತು. ಮನಸ್ಸು ಹಗುರಾದ ದಿನಗಳಲ್ಲೂ ಅದು ಹಾಗೆಯೇ ಇತ್ತು. ಮುಂದೆ ಹದಿಹರೆಯದಲ್ಲಿ ಖಿನ್ನತೆಗೆ ಒಳಗಾದ ಮಕ್ಕಳಲ್ಲಿ ಕಾಯಿಲೆಗೆ ಮೊದಲೇ ಅದು ಕಂಡಿತ್ತು. ಇದು ಎಲ್ಲರಲ್ಲೂ ನಿಲ್ಲುವ ಸತ್ಯವೇ ಎಂಬುದನ್ನು ಇನ್ನೂ ಹಲವು ಕಡೆ ಪರೀಕ್ಷಿಸಬೇಕು. ಆದರೆ ಒಂದು ಮಾತು ಸ್ಪಷ್ಟ. ‘ಏನೂ ಇಲ್ಲ’ ಎಂಬುದು ಸುಳ್ಳು. ಗುಂಪುಗಳಾಗಿ ನೋಡಿದಾಗ ಮಿದುಳಿನಲ್ಲಿ ವ್ಯತ್ಯಾಸಗಳಿವೆ. ಒಬ್ಬ ಮನುಷ್ಯನನ್ನು ಯಂತ್ರದೊಳಗೆ ಮಲಗಿಸಿ “ಇವನಿಗೆ ಇದೆ, ಇವನಿಗಿಲ್ಲ” ಎಂದು ಹೇಳುವ ಹಂತಕ್ಕೆ ಮಾತ್ರ ವಿಜ್ಞಾನ ಇನ್ನೂ ಬಂದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಖಿನ್ನತೆ ಇದೆಯೇ ಇಲ್ಲವೇ ಎಂದು ತಿಳಿಯಲು ಸ್ಕ್ಯಾನ್ ಮಾಡಿಸಲು ಓಡಬೇಡಿ. ಬೇರೆ ಕಾಯಿಲೆಯ ಸಂಶಯವಿದ್ದು ವೈದ್ಯರು ಹೇಳಿದರೆ ಸರಿ. ಆದರೆ ಆ ವರದಿ ನಾರ್ಮಲ್ ಬಂದರೆ ಅದರ ಅರ್ಥ ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ ಎಂದಷ್ಟೇ, ನೋವಿಲ್ಲ ಎಂದಲ್ಲ. ಖಿನ್ನತೆಯನ್ನು ಗುರುತಿಸುವುದು ಇವತ್ತಿಗೂ ಮಾತಿನಿಂದಲೇ. ಎರಡು ವಾರ ಅಥವಾ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಡುವುದು, ತಾನು ಪ್ರಯೋಜನವಿಲ್ಲದವನು ಎನಿಸುವುದು, ಸಾವಿನ ವಿಚಾರ ಬರುವುದು. ಇವನ್ನು ಕೇಳಲು ತಾಳ್ಮೆ ಇರುವ ಒಬ್ಬ ವೈದ್ಯರು, ಹೇಳಲು ಧೈರ್ಯ ಕೊಡುವ ಒಂದು ಮನೆ, ಇಷ್ಟು ಬೇಕು.

ಆ ಎರಡೂ ನಮ್ಮಲ್ಲಿ ಎಷ್ಟು ಕಡಿಮೆ! ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಪ್ರತಿ 20 ಜನರಲ್ಲಿ ಒಬ್ಬರಿಗೆ ಖಿನ್ನತೆ. ಹಾಗೆ ಬಳಲುವವರಲ್ಲಿ ನೂರಕ್ಕೆ ಸುಮಾರು 85 ಜನಕ್ಕೆ ಚಿಕಿತ್ಸೆ ತಲುಪಿಲ್ಲ. ದಾರಿ ಇಲ್ಲವೆಂದಲ್ಲ. ತಾಲೂಕು ಮಟ್ಟದಲ್ಲೂ ಈ ಕೆಲಸ ಆಗುತ್ತದೆಂದು 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿತು, ಅದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿಗೆ 14416 ಒತ್ತಿದರೆ ಹಣವಿಲ್ಲದೆ ಮಾತಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕೊರತೆ ಇರುವುದು ದಾರಿ ಹಿಡಿಯುವ ಮೊದಲಿನ ಆ ಒಂದು ಹೆಜ್ಜೆಯಲ್ಲಿ, ಇದು ಕಾಯಿಲೆ ಎಂದು ಮನೆಯವರು ಒಪ್ಪುವುದರಲ್ಲಿ.

ಈಮಾನಿನ ಮಾತಿಗೂ ಉತ್ತರ ಹೇಳಬೇಕು. ನಮ್ಮವರು ಮರೆತ ಒಂದು ಹೆಸರಿದೆ, ಅಬೂ ಜೈದ್ ಅಲ್ ಬಲ್ಖಿ. ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಸೀಮೆಯವರು. ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಕುರಿತು ಅರಬ್ಬಿಯಲ್ಲಿ ಒಂದು ಗ್ರಂಥ ಬರೆದರು. ಅದರಲ್ಲಿ ಅವರು ದುಃಖವನ್ನು ಎರಡು ಬಗೆ ಮಾಡುತ್ತಾರೆ. ಕಾರಣ ಗೊತ್ತಿರುವುದು ಒಂದು, ಪ್ರಿಯರನ್ನೋ ಸೊತ್ತನ್ನೋ ಕಳೆದುಕೊಂಡಾಗ ಬರುವಂಥದು. ಕಾರಣ ಗೊತ್ತಿಲ್ಲದೆ ಕವಿಯುವುದು ಇನ್ನೊಂದು, ಅದರ ಬೇರು ದೇಹದಲ್ಲಿದೆ, ಅದಕ್ಕೆ ವೈದ್ಯದ ಮದ್ದೂ ಬೇಕು ಎಂಬುದು ಅವರ ವಿಚಾರ. ರಕ್ತದ ಬಗ್ಗೆ ಅವರ ಕಾಲದ ವಿವರಣೆ ಇಂದು ನಿಲ್ಲುವುದಿಲ್ಲ, ಅದು ಬೇರೆ ಮಾತು. ಆದರೆ ಸಾವಿರ ವರ್ಷಕ್ಕೂ ಹಿಂದೆ, ಯಾವ ಯಂತ್ರವೂ ಇಲ್ಲದೆ, ಒಬ್ಬ ಮುಸ್ಲಿಂ ವಿದ್ವಾಂಸ ಎದುರಿಗೆ ಕೂತವನ ದುಃಖವನ್ನು ಅವನ ನಂಬಿಕೆಯ ಅಳತೆಗೋಲಾಗಿ ನೋಡಲಿಲ್ಲ. ಸಕ್ಕರೆ ಕಾಯಿಲೆ ಬಂದವನಿಗೆ ಈಮಾನ್ ಸಾಲದು ಎನ್ನದ ನಾವು, ಇದಕ್ಕೆ ಮಾತ್ರ ಹಾಗೆ ಹೇಳುವ ಅಧಿಕಾರವನ್ನು ಎಲ್ಲಿಂದ ತಂದೆವು? ದುವಾ ಮಾಡುವ ಕೈಗೆ ಮಾತ್ರೆ ಭಾರವಲ್ಲ.

ಚಾಚಾ ಕೊನೆಗೆ ಧಾರವಾಡಕ್ಕೆ ಹೋದರು. ಅವರನ್ನು ಒಪ್ಪಿಸಿದ್ದು ಬಿಸ್ವಾಲರೂ ಅಲ್ಲ, ಬಲ್ಖಿಯೂ ಅಲ್ಲ, ಅವರ ಜೊತೆ ದುಡಿದ ಹಳೆಯ ಗೆಳೆಯರೊಬ್ಬರು. “ನಾನೂ ಆರು ತಿಂಗಳು ಅಲ್ಲಿ ಗುಳಿಗಿ ತಗೊಂಡೇನಿ, ಯಾರಿಗೂ ಹೇಳಿಲ್ಲ, ನಾಳೆ ಜೋಡಿಲೆ ಹೋಗೂಣು ಬಾ” ಎಂದರಂತೆ. ಅಲ್ಲಿನ ವೈದ್ಯರು ಫೈಲಿನಲ್ಲಿದ್ದ ಸ್ಕ್ಯಾನನ್ನು ಒಮ್ಮೆ ನೋಡಿ ಬದಿಗಿಟ್ಟು, ಮುಕ್ಕಾಲು ತಾಸು ಮಾತು ಕೇಳಿದರು. ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು, ಮೊದಲ ವಾರವೇ ಬಿಡಬೇಡಿ, ಹೇಳದೆ ಕೇಳದೆ ನಿಲ್ಲಿಸಬೇಡಿ ಎಂದು ಮಗನಿಗೂ ತಿಳಿಸಿ ಹೇಳಿದರು. ಎರಡನೆಯ ತಿಂಗಳಲ್ಲಿ ನಿದ್ದೆ ಬಂತು. ನಾಲ್ಕನೆಯ ತಿಂಗಳಲ್ಲಿ ಚಹಾ ಪೂರ್ತಿ ಕುಡಿದರು. 2023ರಲ್ಲಿ ಮತ್ತೊಮ್ಮೆ ಕುಸಿದರು, ಆಗ ಮನೆಯವರಿಗೆ ಅದರ ಹೆಸರು ಗೊತ್ತಿತ್ತು, ಹತ್ತು ದಿನದಲ್ಲಿ ಮತ್ತೆ ಆಸ್ಪತ್ರೆಗೆ ಕರೆದೊಯ್ದರು. ಪೂರ್ತಿ ಮೊದಲಿನಂತಾದರೇ? ಇಲ್ಲ. ಇಪ್ಪತ್ತು ರೂಪಾಯಿ ಆಗಾಗ ನೆನಪಾಗುತ್ತದೆ. ಆದರೆ ಈಗ ಅದು ಬರೀ ಇಪ್ಪತ್ತು ರೂಪಾಯಿ.

ಮಿದುಳಿನ ಸಂಪರ್ಕಗಳ ಸಂಶೋಧನೆ ನಡೆಯಲೇಬೇಕು. ಯಾರಿಗೆ ಯಾವ ಮದ್ದು ಹಿಡಿಯುತ್ತದೆ ಎಂದು ಮೊದಲೇ ತಿಳಿಯುವಂತಾದರೆ ಎಷ್ಟೋ ಮನೆಗಳ ಎಷ್ಟೋ ತಿಂಗಳು ಉಳಿದಾವು. ಆ ದಿನ ಬರಲಿ. ಅಲ್ಲಿಯವರೆಗೆ ನಮ್ಮ ಮನೆಯ ಮೂಲೆಯಲ್ಲಿ ಅರ್ಧ ಚಹಾ ಹಿಡಿದು ಕೂತವರು ಚಿತ್ರದ ಸಾಕ್ಷಿ ತರಲಾರರು. ಅವರ ಹತ್ತಿರ ಇರುವುದು ಒಂದೇ ಸಾಕ್ಷಿ, ಅವರ ಮಾತು. ಅದನ್ನು ನಂಬಲು ನಮಗೆ ಮೂರು ಟೆಸ್ಲಾ ಶಕ್ತಿಯ ಅಯಸ್ಕಾಂತ ಬೇಕಾಗಿಲ್ಲ.